ಬೆಂಗಳೂರು ಒಳ್ಳೆಯ ಊರಾ, ಕೆಟ್ಟ ಊರಾ? ಕಾಸರಗೋಡಿನಿಂದ ನೋಡಿದಾಗ

ಬೆಂಗಳೂರಿನ ಸುದ್ದಿಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದರೆ ಗೊಂದಲವಾಗುತ್ತದೆ. ಬದುಕಲು ಅನುಕೂಲವಾದ ದೊಡ್ಡ ನಗರಗಳಲ್ಲಿ ಇದೇ ದೇಶಕ್ಕೆ ಮೊದಲು ಎಂದು ಕೇಂದ್ರ ಸರ್ಕಾರದ ಒಂದು ಪಟ್ಟಿ ಹೇಳಿತು. ಗಾಡಿಗಳು ತೆವಳುವ ನಗರಗಳಲ್ಲಿ ಇದು ಜಗತ್ತಿಗೇ ಮೂರನೆಯದು ಎಂದು ಇನ್ನೊಂದು ಪಟ್ಟಿ ಹೇಳಿತು. ಈ ನಡುವೆ ಮೊಬೈಲಿನಲ್ಲಿ ದಿನಕ್ಕೊಂದು ಜಗಳದ ವಿಡಿಯೊ. ಆಟೊದಲ್ಲಿ, ಬ್ಯಾಂಕಿನಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ಒಬ್ಬರು ‘ಕನ್ನಡ ಕಲಿಯದಿದ್ದರೆ ವಾಪಸ್ ಹೋಗಿ’ ಅನ್ನುತ್ತಾರೆ. ಇನ್ನೊಬ್ಬರು ‘ನಾವು ಬರದಿದ್ದರೆ ಈ ಊರು ಎಲ್ಲಿ ಬೆಳೆಯುತ್ತಿತ್ತು’ ಅನ್ನುತ್ತಾರೆ.

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಕುಳಿತು ನೋಡುವವರಿಗೆ ಇದು ಬರೀ ಸುದ್ದಿಯಲ್ಲ. ಡಿಗ್ರಿ ಮುಗಿಸಿದ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿರುತ್ತದೆ. ಕಳಿಸುವುದಾ, ಬೇಡವಾ? ಅಲ್ಲಿ ಅವಳು ಕನ್ನಡ ಮಾತಾಡುವ ಒಳಗಿನವಳಾ, ಕೇರಳದ ವಿಳಾಸ ಇರುವ ಹೊರಗಿನವಳಾ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಮೊದಲು ಆ ಪಟ್ಟಿಗಳು ಏನನ್ನು ಅಳೆಯುತ್ತವೆ ಅಂತ ನೋಡಬೇಕು.

58ರಿಂದ 1ಕ್ಕೆ ಹಾರಿದ್ದು ಹೇಗೆ?

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2018ರಲ್ಲಿ 111 ನಗರಗಳ ಪಟ್ಟಿ ಮಾಡಿತು. ಅದರಲ್ಲಿ ಪುಣೆ ಮೊದಲು. ಬೆಂಗಳೂರು 58ನೆಯದು. ಮುಂದಿನ ಪಟ್ಟಿ 2021ರ ಮಾರ್ಚ್‌ನಲ್ಲಿ ಬಂತು. ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಇರುವ 49 ನಗರಗಳಲ್ಲಿ ಬೆಂಗಳೂರು ಮೊದಲ ಸ್ಥಾನಕ್ಕೆ ಬಂದಿತ್ತು. ಪುಣೆ ಎರಡನೆಯದಾಯಿತು.

ಎರಡು ಮೂರು ವರ್ಷದಲ್ಲಿ ಒಂದು ಊರು ಇಷ್ಟು ಬದಲಾಗುವುದಿಲ್ಲ. ಬದಲಾದದ್ದು ಅಳತೆಗೋಲು. ಮೊದಲ ಸಲ ಎಲ್ಲ ನಗರಗಳನ್ನೂ ಒಂದೇ ಪಟ್ಟಿಯಲ್ಲಿ ಹಾಕಿದ್ದರು. ಎರಡನೇ ಸಲ ದೊಡ್ಡವು, ಸಣ್ಣವು ಅಂತ ಬೇರೆ ಮಾಡಿದರು. ಅಂಕ ಕೊಡುವ ಕ್ರಮವನ್ನೂ ಬದಲಾಯಿಸಿದರು. ನೂರರಲ್ಲಿ 30 ಅಂಕವನ್ನು ‘ನಿಮ್ಮ ಊರು ನಿಮಗೆ ಹೇಗನ್ನಿಸುತ್ತದೆ’ ಎಂದು ಜನರನ್ನೇ ಕೇಳಿ ಕೊಟ್ಟರು. 111 ನಗರಗಳ ಸುಮಾರು 32 ಲಕ್ಷ ಜನ ಅದರಲ್ಲಿ ಪಾಲ್ಗೊಂಡಿದ್ದರು.

ನಿಜವಾಗಿ ಗಮನಿಸಬೇಕಾದದ್ದು ಇದೇ ಭಾಗವನ್ನು. ಒಟ್ಟು ಅಂಕದಲ್ಲಿ ಬೆಂಗಳೂರು ಮೊದಲು ಬಂದರೂ ಜನರ ಅನಿಸಿಕೆಯಲ್ಲಿ ಮುಂದೆ ಇದ್ದ ಊರುಗಳು ಬೇರೆ: ಭುವನೇಶ್ವರ, ಸಿಲ್ವಾಸ, ದಾವಣಗೆರೆ. ಹೌದು, ನಮ್ಮ ದಾವಣಗೆರೆ. ಕೆಲಸ, ಕಾಲೇಜು, ಆಸ್ಪತ್ರೆ ಎಲ್ಲ ಲೆಕ್ಕ ಹಾಕಿದರೆ ಬೆಂಗಳೂರು ಎತ್ತರದಲ್ಲಿ ನಿಲ್ಲುತ್ತದೆ. ಅಲ್ಲಿ ಇರುವವರನ್ನು ‘ಖುಷಿಯಾಗಿದ್ದೀರಾ’ ಅಂತ ಕೇಳಿದರೆ ಅಷ್ಟು ಎತ್ತರದಲ್ಲಿ ಇಲ್ಲ.

ಟ್ರಾಫಿಕ್ಕಿನ ಪಟ್ಟಿ ಅಳೆಯುವುದು ಇನ್ನೂ ಸಣ್ಣ ವಿಷಯವನ್ನು. ಟಾಮ್‌ಟಾಮ್ ಎಂಬ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಗಾಡಿ ಓಡಿಸಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಾಗಿತ್ತು. ಈ ಲೆಕ್ಕ ಸರಿಯೇ. ಆದರೆ ಮೆಟ್ರೊ ಸ್ಟೇಷನ್ನಿನ ಪಕ್ಕ ರೂಮು ಮಾಡಿರುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಹೊರವರ್ತುಲ ರಸ್ತೆಯಲ್ಲಿ ದಿನಾ ಹೋಗಿ ಬರುವವರ ಜೀವನವೇ ಇದು. ಅಂದರೆ ‘ಬೆಂಗಳೂರಿನ ಟ್ರಾಫಿಕ್’ ಎಂಬುದು ಎಲ್ಲರಿಗೂ ಒಂದೇ ಅಲ್ಲ.

ಹಬ್ಬಕ್ಕೆ ಬಂದವರು ತೋರಿಸುವ ಬೆಂಗಳೂರು

ಕಾಸರಗೋಡಿನಿಂದ ತಿರುವನಂತಪುರಕ್ಕೆ ಸುಮಾರು 560 ಕಿಲೋಮೀಟರ್. ಬೆಂಗಳೂರಿಗೆ ಸುಮಾರು 400. ತಮ್ಮ ರಾಜ್ಯದ ರಾಜಧಾನಿಗಿಂತ ಪಕ್ಕದ ರಾಜ್ಯದ ರಾಜಧಾನಿ ಹತ್ತಿರ. ರಾತ್ರಿ ಕಣ್ಣೂರು–ಬೆಂಗಳೂರು ರೈಲೋ ಸ್ಲೀಪರ್ ಬಸ್ಸೋ ಹತ್ತಿದರೆ ಬೆಳಿಗ್ಗೆ ಅಲ್ಲಿ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಭಾಷೆಯೂ ತೊಡಕಲ್ಲ. ಹಾಗಾಗಿ ಇಲ್ಲಿನ ಕನ್ನಡ, ತುಳು ಮನೆಗಳಿಗೆ ಬೆಂಗಳೂರು ಪರದೇಶ ಅನ್ನಿಸುವುದಿಲ್ಲ.

ಊರಲ್ಲಿ ಉಳಿದವರಿಗೆ ಬೆಂಗಳೂರಿನ ಚಿತ್ರ ಸಿಗುವುದು ವಿಷುವಿಗೆ, ದೀಪಾವಳಿಗೆ, ದೈವದ ನೇಮಕ್ಕೆ ಬಂದವರಿಂದ. ಬರುವವರು ಹೊಸ ಅಂಗಿ ಹಾಕಿಕೊಂಡು ಬರುತ್ತಾರೆ. ಕೆಲಸ ಹೋದವರು, ಬಾಡಿಗೆ ಕಟ್ಟಲಾಗದೆ ರೂಮು ಬದಲಾಯಿಸುತ್ತಿರುವವರು ಆ ವರ್ಷ ಬರುವುದಿಲ್ಲ. ಬಂದರೂ ಹೇಳುವುದಿಲ್ಲ. ಇದರಿಂದ ಗೆದ್ದವರ ಕಥೆ ಮಾತ್ರ ಅಂಗಳಕ್ಕೆ ಬರುತ್ತದೆ. ಮನೆ ಹಿಡಿಯುವಾಗ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ರೂಢಿ ಅಲ್ಲಿ ಇದೆ ಎಂದು ಎಷ್ಟೋ ಪೋಷಕರಿಗೆ ಗೊತ್ತಾಗುವುದು ಮಗ ಫೋನ್ ಮಾಡಿ ದುಡ್ಡು ಕೇಳಿದಾಗಲೇ.

ಇದಕ್ಕೆ ತೀರಾ ವಿರುದ್ಧವಾದ ಚಿತ್ರ ಮೊಬೈಲಿನಿಂದ ಬರುತ್ತದೆ. 2022ರ ಸೆಪ್ಟೆಂಬರ್‌ನ ಮಳೆಯಲ್ಲಿ ದುಬಾರಿ ಬಡಾವಣೆಗಳಿಗೆ ನೀರು ನುಗ್ಗಿ, ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ದೇಶವೆಲ್ಲ ನೋಡಿತು. ಮಳೆ ಅಂದರೆ ಏನು ಎಂದು ಗೊತ್ತಿರುವ ಕರಾವಳಿಯವರಿಗೆ ಆ ದೃಶ್ಯ ಅರ್ಥವಾಗಲೇ ಇಲ್ಲ. ಅಷ್ಟೇ ಮಳೆಗೆ ಅಷ್ಟು ನೀರಾ?

ಹೀಗೆ ದೂರದಲ್ಲಿ ಇರುವವರ ಮನಸ್ಸಿನಲ್ಲಿ ಎರಡು ಬೆಂಗಳೂರು ಉಳಿದುಬಿಡುತ್ತದೆ. ಒಂದು ಸಂಬಳದ್ದು, ಇನ್ನೊಂದು ಸಂಕಟದ್ದು. ಬಸ್ ಸ್ಟಾಪಿನಲ್ಲಿ ಕಾಯುವ, ಪಿಜಿಯಲ್ಲಿ ಉಣ್ಣುವ, ಭಾನುವಾರ ಬಟ್ಟೆ ಒಗೆಯುವ ಮಾಮೂಲಿ ಬೆಂಗಳೂರನ್ನು ಯಾರೂ ವಿಡಿಯೊ ಮಾಡುವುದಿಲ್ಲ.

ಸುರಂಗದ ನೀರು, ಟ್ಯಾಂಕರಿನ ನೀರು

ಒಳಗಿನವರ ನೋಟ, ಹೊರಗಿನವರ ನೋಟ ಯಾಕೆ ಬೇರೆಯಾಗುತ್ತದೆ ಎಂಬುದು ನೀರಿನ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ.

ಕಾಸರಗೋಡಿನ ಎಣ್ಮಕಜೆ, ಬಾಯಾರು, ಪಡ್ರೆ ಕಡೆ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳಿವೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಜಾಗ. ಒಳಗಿನಿಂದ ಸಣ್ಣಗೆ ಒಸರುವ ನೀರು ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪೈಪಿನಲ್ಲಿ, ತನ್ನಷ್ಟಕ್ಕೆ ಹರಿದು ಅಂಗಳದ ಟ್ಯಾಂಕಿಗೆ ಬೀಳುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಇಂಥ ಮನೆಯಲ್ಲಿ ಹುಟ್ಟಿದವರಿಗೆ ದುಡ್ಡು ಕೊಟ್ಟು ಟ್ಯಾಂಕರ್ ತರಿಸುವುದು ಸೋಜಿಗ.

ಬೆಂಗಳೂರು ಇರುವುದು ಸಮುದ್ರ ಮಟ್ಟದಿಂದ 900 ಮೀಟರ್ ಎತ್ತರದಲ್ಲಿ. ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆ ಏರಿಸಬೇಕು. ಬಸವನಗುಡಿ, ಮಲ್ಲೇಶ್ವರ, ಜಯನಗರದಂಥ ಹಳೆಯ ಬಡಾವಣೆಗಳಿಗೆ ಈ ನೀರು ದಶಕಗಳಿಂದ ಬರುತ್ತಿತ್ತು. ಆದರೆ 2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದರು. ಅವುಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ ಹದಿನೇಳು ವರ್ಷ.

ಆ ಹದಿನೇಳು ವರ್ಷದಲ್ಲಿ ಹೊಸ ಕೆಲಸಗಳು ಹುಟ್ಟಿದ್ದು ಹೆಚ್ಚಾಗಿ ವೈಟ್‌ಫೀಲ್ಡ್, ಬೆಳ್ಳಂದೂರು, ಮಹದೇವಪುರದ ಕಡೆ. ಹೊರಗಿನಿಂದ ಬಂದವರು ಕೆಲಸದ ಹತ್ತಿರವೇ ಮನೆ ಹಿಡಿದರು. ಪೈಪಿನ ನೀರು ಇಲ್ಲದ್ದರಿಂದ ಕೊಳವೆಬಾವಿ ತೋಡಿದರು, ಟ್ಯಾಂಕರ್ ತರಿಸಿದರು. ಕೆರೆಗಳ ಸುತ್ತ ಕಾಂಕ್ರೀಟ್ ಆದದ್ದರಿಂದ ಮಳೆ ನೀರು ಇಂಗಲಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಿತು. 2024ರ ಮಾರ್ಚ್ ಹೊತ್ತಿಗೆ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳತೊಡಗಿದಾಗ ಜಿಲ್ಲಾಡಳಿತ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ.

ಈಗ ಮಾತುಗಳು ಹೇಗೆ ಹುಟ್ಟುತ್ತವೆ ನೋಡಿ. ಮಲ್ಲೇಶ್ವರದ ಹಳೆಯ ನಿವಾಸಿ ‘ನಮಗೆ ಯಾವತ್ತೂ ಇಂಥ ಬರ ಬಂದಿರಲಿಲ್ಲ, ನೀವೆಲ್ಲ ಬಂದು ಊರು ಹಾಳಾಯಿತು’ ಅನ್ನುತ್ತಾರೆ. ವೈಟ್‌ಫೀಲ್ಡಿನ ಬಾಡಿಗೆದಾರ ‘ತೆರಿಗೆ ಕಟ್ಟಿಯೂ ನೀರು ಸಿಗದ ಊರು’ ಅನ್ನುತ್ತಾರೆ. ಇಬ್ಬರೂ ತಮ್ಮ ಅನುಭವವನ್ನೇ ಹೇಳುತ್ತಿದ್ದಾರೆ. ಆದರೆ ಜಗಳ ಒಳಗಿನವರಿಗೂ ಹೊರಗಿನವರಿಗೂ ಅಂತ ತಿಳಿದರೆ ತಪ್ಪಾಗುತ್ತದೆ. ವರ್ತೂರು, ಬೆಳ್ಳಂದೂರಿನ ಮೂಲ ರೈತ ಕುಟುಂಬಗಳೂ ಅದೇ ಟ್ಯಾಂಕರಿಗೆ ಕಾದಿದ್ದವು. ಅವರಿಗಿಂತ ಒಳಗಿನವರು ಇನ್ಯಾರಿದ್ದಾರೆ? ನಿಜವಾದ ವ್ಯತ್ಯಾಸ ಪೈಪು ಬಂದ ಬಡಾವಣೆಗೂ ಬಾರದ ಬಡಾವಣೆಗೂ ಇತ್ತು. ಪೈಪು ಹಾಕದವರ ಮೇಲೆ ಬರಬೇಕಾದ ಸಿಟ್ಟು ಪಕ್ಕದ ಮನೆಯವನ ಮೇಲೆ ಬಂತು.

ಹಾಗಂತ ಕಾಸರಗೋಡಿನವರು ನೀರಿನ ವಿಷಯದಲ್ಲಿ ನಿಶ್ಚಿಂತರೇನೂ ಅಲ್ಲ. ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಗೆ ಸಮುದ್ರದ ಉಪ್ಪು ನೀರು ಏರಿ, ನಗರದ ನಲ್ಲಿಗಳಲ್ಲಿ ಉಪ್ಪು ನೀರು ಬರುತ್ತಿದ್ದ ವರ್ಷಗಳನ್ನು ಇಲ್ಲಿನವರು ಮರೆತಿಲ್ಲ.

ತಲಪಾಡಿಯಲ್ಲಿ ಮಣ್ಣು ಸುರಿದ ದಿನಗಳು

ಬೆಂಗಳೂರಿಗಿಂತ ಮೊದಲು ಕಾಸರಗೋಡಿನವರ ‘ಪೇಟೆ’ ಮಂಗಳೂರು. ಐವತ್ತು ಕಿಲೋಮೀಟರ್. ಮಂಜೇಶ್ವರದವರಿಗೆ ಅದರ ಅರ್ಧವೂ ಇಲ್ಲ. ಹೆರಿಗೆಗೆ, ಡಯಾಲಿಸಿಸ್‌ಗೆ, ಕಾಲೇಜಿಗೆ, ಮದುವೆಯ ಜವಳಿಗೆ ಎಲ್ಲದಕ್ಕೂ ಮಂಗಳೂರು. ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಈ ದಾರಿಯಲ್ಲಿ ಓಡುತ್ತವೆ. ತಲಪಾಡಿ ದಾಟುವಾಗ ರಾಜ್ಯ ಬದಲಾಯಿತು ಅಂತ ಯಾರೂ ತಲೆ ಎತ್ತಿ ನೋಡುವುದಿಲ್ಲ.

2020ರ ಮಾರ್ಚ್‌ನಲ್ಲಿ ಎಲ್ಲರೂ ನೋಡಬೇಕಾಯಿತು. ಕೋವಿಡ್ ಭಯದಿಂದ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಕಾಸರಗೋಡಿನಲ್ಲಿ ಆಗ ಸೋಂಕು ಜಾಸ್ತಿ ಇತ್ತು. ಮಂಗಳೂರಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ರೋಗಿಗಳು ಗಡಿಯಲ್ಲೇ ನಿಲ್ಲಬೇಕಾಯಿತು. ಆಂಬುಲೆನ್ಸ್ ದಾಟಲಾಗದೆ ಜನ ಸತ್ತರು. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಮೊದಲ ವಾರದಲ್ಲಿ ತುರ್ತು ರೋಗಿಗಳನ್ನು ಬಿಡಲು ಎರಡೂ ಕಡೆ ಒಪ್ಪಿದ ಮೇಲೆ ಅಲ್ಪಸ್ವಲ್ಪ ದಾರಿಯಾಯಿತು.

ಮಂಗಳೂರಿನವರ ಭಯ ಸುಳ್ಳಾಗಿರಲಿಲ್ಲ. ತಮ್ಮ ಊರಿನ ಹಾಸಿಗೆಗಳು ತಮ್ಮವರಿಗೇ ಸಾಲದೆ ಹೋದರೆ ಎಂಬ ಚಿಂತೆ ಅವರಿಗಿತ್ತು. ಆದರೆ ಮೂವತ್ತು ನಲವತ್ತು ವರ್ಷ ಮಂಗಳೂರನ್ನು ‘ನಮ್ಮ ಪೇಟೆ’ ಅಂದುಕೊಂಡವರಿಗೆ ಆ ಮಣ್ಣಿನ ರಾಶಿ ಒಂದು ವಿಷಯ ತಿಳಿಸಿತು. ಊರು ಯಾರದು ಎಂಬುದನ್ನು ಬಳಕೆ ತೀರ್ಮಾನಿಸುವುದಿಲ್ಲ, ಕಷ್ಟಕಾಲದಲ್ಲಿ ಕಾಗದ ತೀರ್ಮಾನಿಸುತ್ತದೆ. ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸವಾಗಿತ್ತು. ಅರ್ಧಕ್ಕೆ ನಿಂತಿದ್ದ ಆ ಕಟ್ಟಡವನ್ನು 2020ರ ಏಪ್ರಿಲ್‌ನಲ್ಲಿ ಅವಸರದಿಂದ ಕೋವಿಡ್ ಆಸ್ಪತ್ರೆ ಮಾಡಿದರು. ಅದು ಮೊದಲೇ ಆಗಿದ್ದರೆ ಅಷ್ಟು ಜನ ತಲಪಾಡಿಯಲ್ಲಿ ಕೈಮುಗಿದು ನಿಲ್ಲಬೇಕಿರಲಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

‘ಸ್ಥಳೀಯರು’ ಅಂದರೆ ಯಾರು?

ಕಾಗದದ ಪ್ರಶ್ನೆ ಮತ್ತೆ ಎದ್ದದ್ದು 2024ರ ಜುಲೈಯಲ್ಲಿ. ಖಾಸಗಿ ಕಂಪನಿಗಳ ಆಡಳಿತ ಮಟ್ಟದ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದ ಹುದ್ದೆಗಳಲ್ಲಿ ನೂರಕ್ಕೆ 70 ಸ್ಥಳೀಯರಿಗೆ ಕೊಡಬೇಕೆಂಬ ಮಸೂದೆಗೆ ಕರ್ನಾಟಕದ ಸಂಪುಟ ಒಪ್ಪಿಗೆ ಕೊಟ್ಟಿತು. ಕಂಪನಿಗಳಿಂದ ದೊಡ್ಡ ವಿರೋಧ ಬಂತು. ಎರಡೇ ದಿನದಲ್ಲಿ, ಜುಲೈ 17ಕ್ಕೆ, ಸರ್ಕಾರ ಅದನ್ನು ತಡೆಹಿಡಿಯಿತು.

ಮಸೂದೆ ಬೇಕು ಅನ್ನುವವರ ವಾದದಲ್ಲಿ ಹುರುಳಿದೆ. 2011ರ ಜನಗಣತಿಯಲ್ಲೇ ಬೆಂಗಳೂರಿನಲ್ಲಿ ಕನ್ನಡ ಮನೆಮಾತಿನವರು ಅರ್ಧಕ್ಕಿಂತ ಕಡಿಮೆ. ಭೂಮಿ ಕೊಟ್ಟ ಹಳ್ಳಿಯವರ ಮಕ್ಕಳು ಅದೇ ಕಂಪನಿಯ ಗೇಟು ಕಾಯುತ್ತಾರೆ, ಒಳಗಿನ ಮೇಜು ಸಿಗುವುದಿಲ್ಲ. ಬೇಡ ಅನ್ನುವವರದೂ ಗಟ್ಟಿ ವಾದವೇ. ದೇಶದ ಯಾವ ಭಾಗದಲ್ಲಾದರೂ ನೆಲೆಸಿ ಕೆಲಸ ಮಾಡುವ ಹಕ್ಕು ಸಂವಿಧಾನದಲ್ಲಿದೆ. ಹರಿಯಾಣ ಇಂಥದೇ ಕಾನೂನು ಮಾಡಿ ನೂರಕ್ಕೆ 75 ಮೀಸಲಿಟ್ಟಾಗ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಅದನ್ನು ರದ್ದು ಮಾಡಿತು.

ಈ ಎರಡು ಕಡೆಯವರ ಗದ್ದಲದಲ್ಲಿ ಮೂರನೆಯವರನ್ನು ಯಾರೂ ನೋಡಲಿಲ್ಲ. ಮಸೂದೆಯ ಪ್ರಕಾರ ಸ್ಥಳೀಯರು ಅಂದರೆ ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ಅಲ್ಲಿ ನೆಲೆಸಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು. ಇದನ್ನು ಕಾಸರಗೋಡಿನ ಒಬ್ಬ ಹುಡುಗಿಗೆ ಹಚ್ಚಿ ನೋಡಿ. ಅಮ್ಮನಿಗೆ ಹೆರಿಗೆ ಆದದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ಆದ್ದರಿಂದ ಹುಟ್ಟಿದ್ದು ಕರ್ನಾಟಕದಲ್ಲಿ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಭಾಷೆಯ ಪರೀಕ್ಷೆ ಇಟ್ಟರೆ ಬೆಂಗಳೂರಿನ ಎಷ್ಟೋ ಮಕ್ಕಳಿಗಿಂತ ಜಾಸ್ತಿ ಅಂಕ ತೆಗೆಯುತ್ತಾಳೆ. ಆದರೆ ನೆಲೆಸಿದ ವಿಳಾಸ ಕೇರಳದ್ದು. ಮೂರರಲ್ಲಿ ಎರಡು ಸರಿ, ಒಂದು ತಪ್ಪು. ಅವಳು ಹೊರಗೆ.

ಕರ್ನಾಟಕಕ್ಕೆ ಈ ಸಮಸ್ಯೆ ಹೊಸದಲ್ಲ. ಇಂಜಿನಿಯರಿಂಗ್ ಮೊದಲಾದ ಸೀಟುಗಳಿಗೆ ನಡೆಯುವ ಸಿಇಟಿಯಲ್ಲಿ ‘ಗಡಿನಾಡು ಕನ್ನಡಿಗ’ ಎಂಬ ಅರ್ಹತೆಯೇ ಇದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ್ ತಾಲೂಕುಗಳು ಅದರಲ್ಲಿ ಬರುತ್ತವೆ. ಮನೆಮಾತು ಕನ್ನಡ, ತುಳುವಿನಂಥ ಭಾಷೆ ಆಗಿದ್ದು, ಅಲ್ಲಿ ಕನಿಷ್ಠ ಏಳು ವರ್ಷ ಓದಿ, ಕನ್ನಡ ಪರೀಕ್ಷೆ ಪಾಸಾದರೆ ಕರ್ನಾಟಕದ ಸೀಟಿಗೆ ಅರ್ಹರು. ಅಂದರೆ ಓದುವಾಗ ಅವಳು ಒಳಗಿನವಳು. ಅದೇ ರಾಜ್ಯದಲ್ಲಿ ಓದು ಮುಗಿಸಿ ಕೆಲಸಕ್ಕೆ ಹೋದರೆ, ಆ ಮಸೂದೆಯ ಪ್ರಕಾರ ಹೊರಗಿನವಳು. ಇದು ಬೇಕೆಂದು ಮಾಡಿದ ಅನ್ಯಾಯ ಅನ್ನಿಸುವುದಿಲ್ಲ, ಸುಮ್ನೆ ಮರೆತದ್ದು. ಮಸೂದೆ ಮತ್ತೆ ಬಂದರೆ ಸಿಇಟಿಯ ಆ ನಿಯಮವನ್ನು ಅಲ್ಲಿಗೆ ತರುವುದು ಕಷ್ಟದ ಕೆಲಸವಲ್ಲ.

ಪರಿಣಾಮ ಎಲ್ಲಿ ಕಾಣುತ್ತದೆ?

ಇಂಥ ಮಸೂದೆಯ ಮೊದಲ ಪೆಟ್ಟು ಬೆಂಗಳೂರಿನಲ್ಲಿ ಬೀಳುವುದಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಬೀಳುತ್ತದೆ.

2011ರ ಜನಗಣತಿಯಲ್ಲಿ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನವರು ನೂರಕ್ಕೆ ನಾಲ್ಕರಷ್ಟು. ತುಳುವರು ಅದರ ಎರಡರಷ್ಟು. ಇವರಲ್ಲಿ ಎಷ್ಟೋ ಮನೆಗಳು ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಕಳಿಸುವುದು ಪ್ರೀತಿಯಿಂದ ಹೌದು, ಜೊತೆಗೆ ಒಂದು ಲೆಕ್ಕಾಚಾರದಿಂದಲೂ ಹೌದು. ಕನ್ನಡ ಬಂದರೆ ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಬಾಗಿಲು ತೆರೆಯುತ್ತದೆ ಎಂಬ ನಂಬಿಕೆ ಅದು. ಇತ್ತ ಕೇರಳ 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಕನ್ನಡ ಶಾಲೆಗೆ ಕನ್ನಡ ಗೊತ್ತಿಲ್ಲದ ಅಧ್ಯಾಪಕರನ್ನು ಹಾಕಿದರು ಎಂಬ ದೂರೂ ಆಗಾಗ ಏಳುತ್ತದೆ. ಇಲ್ಲಿ ಕನ್ನಡಕ್ಕೆ ಒತ್ತಡ, ಅಲ್ಲಿ ಕನ್ನಡ ಬಂದರೂ ‘ವಿಳಾಸ ಕೇರಳದ್ದು’ ಎಂಬ ಉತ್ತರ. ಎರಡೂ ಸೇರಿದರೆ ಒಬ್ಬ ತಾಯಿ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಯಾವ ಮಾಧ್ಯಮ ಆರಿಸುತ್ತಾಳೆ? ಅವಳನ್ನು ದೂರುವ ಹಾಗಿಲ್ಲ.

ಬೆಂಗಳೂರಿಗೂ ಇದರಲ್ಲಿ ನಷ್ಟವಿದೆ. ಅಲ್ಲಿ ಕನ್ನಡ ಉಳಿಯಬೇಕಾದರೆ ಕನ್ನಡ ಬಲ್ಲ ಹೊಸಬರು ಬರುತ್ತಿರಬೇಕು. ಕಾಸರಗೋಡು, ಜತ್ತ, ಅಕ್ಕಲಕೋಟೆ, ಹೊಸೂರಿನಿಂದ ಬರುವವರು ಅಂಥವರೇ. ಆಫೀಸಿನಲ್ಲಿ ಬೇರೆ ರಾಜ್ಯದವರಿಗೂ ಊರಿನವರಿಗೂ ನಡುವೆ ಮಾತು ದಾಟಿಸುವವರು ಎಷ್ಟೋ ಕಡೆ ಇವರೇ. ಮಲಯಾಳವೂ ಬರುತ್ತದೆ, ತುಳುವೂ ಬರುತ್ತದೆ, ಕನ್ನಡವೂ ಬರುತ್ತದೆ. ಇಂಥವರನ್ನು ಕಳೆದುಕೊಂಡು ಕನ್ನಡ ಬೆಳೆಸುವುದು ಹೇಗೆ?

2027ರ ಜನಗಣತಿ ಈ ಚರ್ಚೆಗೆ ಹೊಸ ಲೆಕ್ಕ ಕೊಡಬೇಕು. 2011ರ ನಂತರ ಎಣಿಕೆ ನಡೆದೇ ಇಲ್ಲ. ಈಗ ಎಲ್ಲರೂ ಎಸೆಯುತ್ತಿರುವುದು ಹದಿನೈದು ವರ್ಷ ಹಳೆಯ ಅಂಕಿ, ಇಲ್ಲವೇ ಅಂದಾಜು. ಜನಗಣತಿಯವರು ಹುಟ್ಟಿದ ಊರು, ಮನೆಮಾತು, ಊರು ಬಿಟ್ಟು ಬಂದ ಕಾರಣ ಇವನ್ನೆಲ್ಲ ಕೇಳುವುದು ರೂಢಿ. ಎಲ್ಲಿ ವಾಸವೋ ಅಲ್ಲೇ ಎಣಿಸುತ್ತಾರೆ. ಹಾಗಾಗಿ ಕೆಲಸ ಹಿಡಿದು ಹೋದ ಕುಂಬಳೆಯ ಹುಡುಗಿ ಆ ಪುಸ್ತಕದಲ್ಲಿ ಬೆಂಗಳೂರಿನ ನಿವಾಸಿ ಆಗುತ್ತಾಳೆ, ಕನ್ನಡದ ಸಾಲಿನಲ್ಲಿ. ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಕುಂಬಳೆಯಲ್ಲೇ ಇರುತ್ತದೆ. ಚುನಾವಣೆ ಬಂದಾಗ ರಾತ್ರಿ ಬಸ್ಸು ಹತ್ತಿ ವೋಟು ಹಾಕಲು ಊರಿಗೇ ಬರುತ್ತಾಳೆ.